ಐದು ಗುಂಪಿ, ಒಂದು ಬೆನ್ನು

ಒಬ್ಬ ಮನುಷ್ಯ ಒಂದು ವಾರದಲ್ಲಿ ಎಷ್ಟು ಕೊತಂಬರಿ ತಿನ್ನಬಲ್ಲ? ಕಲಬುರಗಿಗೆ ಬಂದ ಹೊಸದರಲ್ಲಿ ನನಗೆ ಇದೇ ದೊಡ್ಡ ಪ್ರಶ್ನೆಯಾಗಿತ್ತು. ಒಂದು ಕಟ್ಟು ತರುತ್ತಿದ್ದೆ, ನಾಲ್ಕು ಎಸಳು ಸಾರಿಗೆ ಹಾಕುತ್ತಿದ್ದೆ, ಉಳಿದದ್ದು ನನ್ನ ಕಣ್ಣೆದುರೇ ಹಳದಿಯಾಗಿ, ಕರ್ರಗಾಗಿ, ಕಡೆಗೆ ನೀರಾಗಿ ಹೋಗುತ್ತಿತ್ತು. ಹೂಕೋಸು ತಂದರೆ ಸೋಮವಾರ ಪಲ್ಯ, ಮಂಗಳವಾರ ಅದೇ ಪಲ್ಯ, ಬುಧವಾರ ಅದರ ಮುಖ ನೋಡಲಾಗದೆ ಮೊಬೈಲಿನಲ್ಲಿ ಬಿರಿಯಾನಿ. ಬೈಕ್ ಶೋರೂಮಿನಲ್ಲಿ ಕುಳಿತು ದಿನವಿಡೀ ಗಿರಾಕಿಗಳಿಗೆ "ತಿಂಗಳಿಗಿ ಇಷ್ಟೇ ಕಂತು ರೀ, ಹೋಗಿದ್ದು ಗೊತ್ತೇ ಆಗಂಗಿಲ್ಲ" ಎಂದು ಉಪದೇಶ ಮಾಡುವವನು ನಾನು. ಉಪದೇಶ ಮೊದಲು ನನಗೇ ತಾಗಿತ್ತು. ಪಗಾರ ಹೋಗುತ್ತಿದ್ದದ್ದು ನಿಜಕ್ಕೂ ಗೊತ್ತೇ ಆಗುತ್ತಿರಲಿಲ್ಲ.

ಈ ರೋಗಕ್ಕೆ ಮದ್ದು ಹಾಕಿದವಳು ಭೀಮಬಾಯಿ.

ಗಾಜಿಪುರದ ನಮ್ಮ ವಠಾರದಲ್ಲಿ ನಳದ ಪಕ್ಕದ ಖೋಲಿ ಅವಳದು. ಬೇಳೆ ಮಿಲ್ಲಿನಲ್ಲಿ ತೊಗರಿಬೇಳೆ ಆರಿಸುವ ಕೆಲಸ. ಐವತ್ತು ದಾಟಿದ ಹೆಂಗಸು, ಗಂಡ ತೀರಿ ಎಷ್ಟೋ ವರ್ಷವಾಯಿತು, ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟಿದ್ದಾಳೆ. ಮಗಳು ಫೋನ್ ಮಾಡಿ "ಬಂದುಬಿಡವ್ವ ಇಲ್ಲಿಗೇ" ಎಂದು ಕರೆದಾಗಲೆಲ್ಲ ವಠಾರಕ್ಕೆಲ್ಲ ಕೇಳುವಂತೆ ಉತ್ತರ ಹೋಗುತ್ತದೆ: "ಅಲ್ಲಿ ಬಂದು ನಿಮ್ಮತ್ತಿ ಕೂಡ ಟಿವಿ ಸಲುವಾಗಿ ಜಗಳಾಡ್ಲೇನು? ನಾ ಇಲ್ಲಿ ರಾಣಿ ಇದ್ದಂಗ ಅದೀನಿ." ರಾಣಿಯ ಅರಮನೆಯಲ್ಲಿ ಒಂದು ಮಂಚ, ಒಂದು ಒಲೆ, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ.

ಒಂದು ದಿನ ಮುಂಜಾನೆ ನಾನು ಕೊಳೆತ ಅರ್ಧ ಕುಂಬಳಕಾಯಿ ಹಿಡಿದು ಕಸದ ಗಾಡಿಗೆ ಕಾಯುತ್ತಿದ್ದೆ. ಅವಳು ನಳದ ಹತ್ತಿರದಿಂದಲೇ ಕೂಗಿದಳು.

"ಏ ತಮ್ಮಾ, ನೀ ಒಬ್ಬಾಂವ ಇದ್ದು ಇಡೀ ಕುಂಬಳಕಾಯಿ ಯಾಕ ತಂದಿ? ಮದುವಿ ಮಾಡೋರಿದ್ರ್ಯಾ?"

"ಕೊಯ್ದು ಕೊಡ್ಲಿಲ್ಲ ಆಯಿ, ಅಂಗಡಿಯಾಂವ."

"ಅಂವ ಕೊಯ್ಯಂಗಿಲ್ಲ. ನಾವ್ ಕೊಯ್ಯೋಣ. ಐತವಾರ ಚೀಲ ತಗೊಂಡು ನನ್ನ ಕೂಡ ನಡಿ."

ಹಾಗೆ ಶುರುವಾದದ್ದು ನಮ್ಮ ಪಾಲು. ಒಬ್ಬೊಬ್ಬರೇ ಇರುವ ಐದು ಮಂದಿ, ವಾರಕ್ಕೆ ತಲೆಗೆ ನೂರೈವತ್ತು ರೂಪಾಯಿ. ಭೀಮಬಾಯಿ, ನಾನು, ದವಾಖಾನೆಯ ನರ್ಸ್ ತ್ರಿವೇಣಿ ಅಕ್ಕ, ಒಂದು ಗೋದಾಮಿನ ವಾಚ್‌ಮನ್ ದತ್ತಪ್ಪ ಕಾಕಾ, ಮತ್ತು ಇತ್ತೀಚೆಗೆ ಸೇರಿಕೊಂಡ ಯಶವಂತ. ಯಶವಂತ ಬ್ಯಾಂಕಿನವನು. ಬರುವಾಗಲೇ ಸಣ್ಣ ಡಿಜಿಟಲ್ ತಕ್ಕಡಿ ಹಿಡಿದುಕೊಂಡು ಬಂದವನು.

ಸಂತೆ ಮಾಡುವುದು ಕಮಲಾಪುರದಲ್ಲಿ. ಮನೆ ಮುಂದೆ ಗಾಡಿ ಬರುವಾಗ ಹುಮನಾಬಾದ್ ಬಸ್ ಹತ್ತಿ ಅಷ್ಟು ದೂರ ಯಾಕೆ ಹೋಗಬೇಕು? ಯಾಕೆಂದರೆ ಅದು ಭೀಮಬಾಯಿಯ ತವರು, ಹೊಲದಿಂದ ನೇರ ಬಂದ ಮಾಲು ಕೊಡುವವರೆಲ್ಲ ಅವಳನ್ನು "ಅಕ್ಕಾ" ಎನ್ನುತ್ತಾರೆ. ಎರಡನೆಯದಾಗಿ ಹೆಂಗಸರಿಗೆ ಬಸ್ಸು ಫುಕಟ. ಭೀಮಬಾಯಿ ಆಧಾರ್ ಕಾರ್ಡ್ ತೋರಿಸಿ, ಸೊನ್ನೆ ರೂಪಾಯಿ ಟಿಕೆಟ್ ಇಸಿದುಕೊಂಡು, ಕಿಟಕಿ ಪಕ್ಕ ಕೂಡುತ್ತಾಳೆ. ಚೀಲ ಹೊರಲು ಹೋಗುವ ನಾನು ಎರಡೂ ಕಡೆಯ ಟಿಕೆಟ್ಟಿಗೆ ಪೂರಾ ದುಡ್ಡು ಕೊಟ್ಟು, ಬಾಗಿಲ ಹತ್ತಿರ ನಿಂತು, ಉಳಿತಾಯದ ಬಗ್ಗೆ ಯೋಚಿಸುತ್ತೇನೆ. ನನ್ನ ಟಿಕೆಟ್ಟಿನ ದುಡ್ಡಿಗೆ ಗಾಜಿಪುರದಲ್ಲೇ ಒಂದು ವಾರದ ಕಾಯಿಪಲ್ಯೆ ಬರುತ್ತಿತ್ತು ಎಂಬುದು ನನಗೆ ತಿಳಿಯಲು ಬಹಳ ವಾರ ಹಿಡಿಯಿತು. ತಿಳಿದ ಮೇಲೂ ಹೋಗುವುದು ಬಿಡಲಿಲ್ಲ. ಯಾಕೆಂದರೆ ಹಿಂತಿರುಗಿದ ಮೇಲೆ ನಡೆಯುವುದಕ್ಕಿಂತ ದೊಡ್ಡ ಆಟ ಈ ಊರಲ್ಲಿ ಇನ್ನೊಂದಿಲ್ಲ.

ಭೀಮಬಾಯಿಯ ಖೋಲಿಯ ಮುಂದೆ ಗೋಣಿತಟ್ಟು ಹಾಸುತ್ತೇವೆ. ತ್ರಿವೇಣಿ ಅಕ್ಕ ಐದು ಗುಂಪಿ ಮಾಡುತ್ತಾಳೆ. ಬದನೆಕಾಯಿ, ಮೆಂತಿಪಲ್ಯೆ, ಉಳ್ಳಾಗಡ್ಡಿ, ಕುಂಬಳಕಾಯಿಯ ಒಂದೊಂದು ಹೋಳು. ಔಷಧ ಕೊಡುವ ಕೈ ಅದು, ಮೆಣಸಿನಕಾಯಿಯನ್ನೂ ಗುಳಿಗೆಯಂತೆ ಹಂಚುತ್ತದೆ. ಎಲ್ಲ ಆಗಿ ಉಳಿದ ದುಡ್ಡಿನಲ್ಲಿ ತಂದ ಒಂದೇ ಒಂದು ಒಳ್ಳೆಯ ಮಾಲನ್ನು, ಒಂದು ಪಪ್ಪಾಯಿಯೋ, ನಾಲ್ಕು ಸೀತಾಫಲವೋ, ಕಾಲು ಕಿಲೋ ಖೋವಾವೋ, ಪೂರ್ತಿಯಾಗಿ ಒಂದೇ ಗುಂಪಿಯ ಮೇಲೆ ಇಡುತ್ತಾಳೆ. ಅದಕ್ಕೆ ನಾವು "ಮ್ಯಾಲಿಂದು" ಎನ್ನುತ್ತೇವೆ. ಇದನ್ನು ಮಾತ್ರ ಕೊಯ್ಯುವಂತಿಲ್ಲ. ಅದು ಭೀಮಬಾಯಿಯ ಕಾನೂನು.

"ಒಬ್ಬೊಬ್ರೇ ಇರೋರಿಗಿ ವಾರಪೂರ್ತಿ ಎಲ್ಲಾ ಅರ್ಧಾ, ಪಾವ್, ಚೂರು. ಒಮ್ಮಿಯರೆ ಏನರೆ ಒಂದು ಪೂರಾ ಸಿಗಬೇಕು" ಎನ್ನುತ್ತಾಳೆ.

ಆಮೇಲೆ ಅವಳು ನಮಗೆ ಬೆನ್ನು ತಿರುಗಿಸಿ ಗೋಡೆ ನೋಡುತ್ತ ಕೂಡುತ್ತಾಳೆ. ಅವಳ ಓಣಿಯಲ್ಲಿ ಹತ್ತು ಮನೆ ಕೂಡಿ ಕುರಿ ಕೊಯ್ದರೆ ಪಾಲು ಹಾಕುತ್ತಿದ್ದದ್ದು ಹೀಗೆಯೇ ಅಂತೆ. ನಾನು ಒಂದು ಗುಂಪಿಗೆ ಬೆರಳು ತೋರಿಸಿ "ಇದು ಯಾರಿಗಿ?" ಎನ್ನುತ್ತೇನೆ. ನೋಡದೆ ಅವಳು ಒಂದು ಹೆಸರು ಕೂಗುತ್ತಾಳೆ. ಆ ಹೆಸರಿನವರದು ಆ ಗುಂಪಿ. ತಕರಾರಿಲ್ಲ, ಅಪೀಲಿಲ್ಲ.

ಆ ಕ್ಷಣದಲ್ಲಿ ನನ್ನ ಎದೆ ಹೊಡೆದುಕೊಳ್ಳುವುದನ್ನು ಕೇಳಬೇಕು! ಟಾರ್ಗೆಟ್ ಮುಗಿಸಿ ಇನ್ಸೆಂಟಿವ್ ಬಂದ ತಿಂಗಳೂ ಅಷ್ಟು ಹೊಡೆದುಕೊಂಡಿಲ್ಲ. ಇಷ್ಟಾಗಿ ಮ್ಯಾಲಿಂದು ನನಗೆ ಒಮ್ಮೆಯೂ ಬಂದಿರಲಿಲ್ಲ. ದತ್ತಪ್ಪ ಕಾಕಾನಿಗೆ ಬಂತು, ತ್ರಿವೇಣಿ ಅಕ್ಕನಿಗೆ ಬಂತು, ಮತ್ತೆ ಕಾಕಾನಿಗೆ ಬಂತು. ನನ್ನ ಗುಂಪಿಯಲ್ಲಿ ಯಾವಾಗಲೂ ಡೊಂಕು ಹಾಗಲಕಾಯಿ.

ಇದನ್ನು ನಾನು ನಸೀಬಕ್ಕೆ ಬಿಟ್ಟಿದ್ದೆ. ಯಶವಂತ ಬಿಡಲಿಲ್ಲ. ಹೋದ ಐತವಾರ ಎದ್ದು ನಿಂತು ಹೇಳಿಯೇಬಿಟ್ಟ.

"ನಾ ಬಂದಾಗಿಂದ ನೋಡಾಕತ್ತೀನಿ. ಐದು ಮಂದ್ಯಾಗ ಸುಮ್ನ ಹೆಸರು ಕೂಗಿದ್ರ ಎಲ್ಲಾರಿಗೂ ಬರಬೇಕು. ಇಲ್ಲಿ ಇಬ್ಬರಿಗೇ ಬರ್ತದ. ಆಯಿಗಿ ಯಾವ ಗುಂಪಿ ಯಾವುದಂತ ಗೊತ್ತಾಗ್ತದ."

"ಬೆನ್ನಾಗ ಕಣ್ಣವ ಏನಪಾ ಆಕಿಗಿ?" ಎಂದ ದತ್ತಪ್ಪ ಕಾಕಾ.

"ಹೆಂಗ ಗೊತ್ತಾಗ್ತದೋ ಗೊತ್ತಿಲ್ಲ ಕಾಕಾ. ಮುಂದಿನ ವಾರ ನಾ ಬೆರಳು ತೋರಸ್ತೀನಿ, ನೋಡೋಣ. ಇಲ್ಲಂದ್ರ ಮೊಬೈಲ್ ಹೆಸರು ಎತ್ತಲಿ. ಅದಕ್ಕ ಯಾರ ಮ್ಯಾಲೂ ಪ್ರೀತಿ ಇರಂಗಿಲ್ಲ."

ಭೀಮಬಾಯಿ ಗೋಡೆಯಿಂದ ಮುಖ ತಿರುಗಿಸಿದಳು. ಸಿಟ್ಟು ಮಾಡಲಿಲ್ಲ. "ತೋರ್ಸಪಾ. ಆದ್ರ ಮೊಬೈಲ್ ಹೆಸರು ಎತ್ತಿದ ದಿನ ನನ್ನ ಹೆಸರು ಅದರಾಗ ಇರಂಗಿಲ್ಲ" ಎಂದಷ್ಟೇ ಹೇಳಿ ಒಳಗೆ ಹೋದಳು.

ಅಂದರೆ ಪಾಲು ಮುಗಿದಂತೆಯೇ. ಆದರೆ ಪಾಲು ನಿಂತರೆ ಅವಳು ಕಳೆದುಕೊಳ್ಳುವುದು ಕಾಯಿಪಲ್ಯೆಯಷ್ಟೇ ಅಲ್ಲವೆಂದು ನನಗೆ ತಿಳಿದದ್ದು ಈ ವಾರ ಬಸ್ಸಿನಲ್ಲಿ. ನಸೀಬಕ್ಕೆ ಅವಳ ಪಕ್ಕದ ಸೀಟೇ ಸಿಕ್ಕಿತ್ತು.

"ಮಿಲ್ಲಿನಾಗ ದಿನಾ ಸಂಜಿಗಿ ಗೇಟಿನಾಗ ಏನ್ ಮಾಡಸ್ತಾರ ಗೊತ್ತೇನು ತಮ್ಮಾ? ಸೆರಗು ಜಾಡಸಬೇಕು. ಒಂದು ಹಿಡಿ ಬ್ಯಾಳಿ ಕಟಗೊಂಡು ಹೊಂಟಾಳೇನಂತ. ಇಷ್ಟು ವರ್ಷ ಜಾಡಿಸೀನಿ. ಪಗಾರ ಕೊಡ್ತಾರ, ಜಾಡಸ್ತೀನಿ. ಐತವಾರ ಒಂದ್ ದಿನ ನಾಕು ಮಂದಿ ನನ್ನ ಬೆನ್ನ ಮ್ಯಾಲ ನಂಬಿಗಿ ಇಟ್ಟು ಕೂಡ್ತೀರಿ. ಅಲ್ಲೂ ಜಾಡಸಂದ್ರ ನಾ ಜಾಡಸಂಗಿಲ್ಲ."

ನಾನು ಅವಳ ಕಡೆ ವಾಲಿದೆ. "ಯಶವಂತ ತಪ್ಪು ತಿಳಕೊಂಡಾನ ಆಯಿ. ನಿಮಗ ಹೆಂಗ ಗೊತ್ತಾಗಬೇಕು!"

ಭೀಮಬಾಯಿ ಕಿಟಕಿಯ ಕಡೆ ಮುಖ ಮಾಡಿದಳು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಗಾಬರಿಯಾದೆ. ನೋಡಿದರೆ ನಗು.

"ಗೊತ್ತಾಗ್ತದಲ್ಲೋ, ಹುಚ್ಚಪ್ಪಾ!"

"ಆಂ?"

"ಮ್ಯಾಲಿಂದು ಇದ್ದ ಗುಂಪಿ ಹತ್ರ ಬಂದಾಗ ನೀ ಉಗುಳು ನುಂಗ್ತಿ. ಗಟಕ್ಕನ ಸಪ್ಪಳ ಆಗ್ತದ. ಮೊದಲ್ನೇ ವಾರನೇ ಕೇಳೀನಿ."

ಬಸ್ಸಿನಲ್ಲಿ ಅಷ್ಟು ಜನರ ನಡುವೆ ನಾನು ಇಳಿದು ಓಡಿಹೋಗಲಾರದೆ ಕುಳಿತೆ. ನನ್ನ ಆಸೆಬುರುಕತನಕ್ಕೆ ಸಪ್ಪಳವಿದೆ ಎಂದು ಇಪ್ಪತ್ತಾರು ವರ್ಷ ಯಾರೂ ಹೇಳಿರಲಿಲ್ಲ.

"ಹಂಗಾರ ನೀವು ಬೇಕಂತನೇ...?"

"ಮತ್ತ? ತ್ರಿವೇಣಿ ವಾರಪೂರ್ತಿ ರಾತ್ರಿ ಡ್ಯೂಟಿ ಮಾಡಿ ಕಣ್ಣು ಒಳಗ ಹೋಗಿದ್ವು. ಪಪ್ಪಾಯಿ ಯಾರಿಗಿ ಕೊಡಬೇಕಿತ್ತು? ದತ್ತಪ್ಪಣ್ಣ ಹಲ್ಲು ಕೀಳಿಸ್ಕೊಂಡು ಕುಂತಿದ್ದ. ಅಂವ ಸೀತಾಫಲ ಬಿಟ್ಟು ಇನ್ನೇನು ತಿನ್ನಬೇಕು, ಹಾಗಲಕಾಯಿ?"

"ಖರೇ ಆಯಿ. ಆದ್ರ ನನಗ್ಯಾಕ ಒಮ್ಮಿನೂ ಕೊಡ್ಲಿಲ್ಲ?"

"ನಿನಗ ಕೊಟ್ರ ನಿನ್ನ ಆಸಿ ತೀರ್ತದ. ಆಸಿ ತೀರಿದ್ರ ಉಗುಳು ನುಂಗಂಗಿಲ್ಲ. ಆಮ್ಯಾಲ ನನಗ ಹೆಂಗ ಗೊತ್ತಾಗಬೇಕು?"

ಶೋರೂಮಿನಲ್ಲಿ ನಾನು ಮಾಡುವ ವ್ಯಾಪಾರಕ್ಕಿಂತ ಚೊಕ್ಕ ವ್ಯಾಪಾರ ಇದು.

"ಇವತ್ತು ಮಾತ್ರ ಯಶವಂತ ತೋರಸ್ತಾನ. ಇವತ್ತು ಖರೇ ಕುರುಡ ಬೆನ್ನು" ಎಂದಳು. "ಏನ್ ಬರ್ತದ, ಬರಲಿ."

ಕಮಲಾಪುರದಲ್ಲಿ ಇಳಿದ ಮೇಲೆ ಅವಳಿಗೆ ಏನಾಯಿತೋ, ಕಾಲಿಗೆ ಚಕ್ರ ಬಂದಂತಾಯಿತು. ಬದನೆಕಾಯಿ ಒತ್ತಿ ನೋಡಿದಳು, ಮೆಂತಿ ಕಟ್ಟು ಕೊಡವಿದಳು, ಸೌತೆಕಾಯಿಯವಳ ಜೊತೆ ಅವಳ ಸೊಸೆಯನ್ನು ಬೈದು ಎರಡು ಸೌತೆಕಾಯಿ ಕೊಸರು ಇಸಿದುಕೊಂಡಳು. ಎಲ್ಲ ಮುಗಿದಾಗ ಎಂದಿಗಿಂತ ಹೆಚ್ಚು ದುಡ್ಡು ಉಳಿದಿತ್ತು. ನೇರ ಬಾಳೆಹಣ್ಣಿನ ಬುಟ್ಟಿಗಳ ಕಡೆ ಹೊರಟಳು.

ಕಮಲಾಪುರದ ಕೆಂಬಾಳೆ ನೋಡದವರಿಗೆ ಹೇಳುವುದು ಕಷ್ಟ. ಇಟ್ಟಿಗೆ ಬಣ್ಣದ ದಪ್ಪ ಹಣ್ಣು, ಒಂದು ತಿಂದರೆ ಅರ್ಧ ಊಟ, ಬೆಲೆ ಕೇಳಿದರೆ ಉಳಿದರ್ಧ. ಒಬ್ಬನೇ ಇರುವವನು ಒಂದು ಹಣ್ಣು ಕೊಂಡಾನು. ಭೀಮಬಾಯಿ ಕೊಂಡದ್ದು ಇಡೀ ಹಣಿಗೆ, ಅಂದರೆ ಒಂದು ಪೂರ್ತಿ ಚಿಪ್ಪು, ಎಣ್ಣೆ ಸವರಿದಂತೆ ಹೊಳೆಯುವ ಹಣ್ಣಿನದು.

"ಇವತ್ತ ಕಡೀ ಪಾಲಾದ್ರ ಆಗಲಿ," ಎಂದಳು, "ಮ್ಯಾಲಿಂದು ಮ್ಯಾಲಿಂದಿನಂಗೇ ಇರಲಿ."

ಬಸ್ಸಿನಲ್ಲಿ ಆ ಹಣಿಗೆಯನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಎಷ್ಟು ಸಲ ಉಗುಳು ನುಂಗಿದೆನೋ. ಪ್ರತಿ ಸಲ ಪಕ್ಕದಿಂದ "ಹ್ಞೂಂ, ಕೇಳಸ್ತು" ಎಂದು ದನಿ ಬರುತ್ತಿತ್ತು.

ಗಾಜಿಪುರದಲ್ಲಿ ಮೂವರೂ ಕಾದು ಕುಳಿತಿದ್ದರು. ತ್ರಿವೇಣಿ ಅಕ್ಕ ಡ್ಯೂಟಿ ಮುಗಿಸಿ ಸೀದಾ ಬಂದಿದ್ದಳು. ದತ್ತಪ್ಪ ಕಾಕಾ ಇಸ್ತ್ರಿ ಅಂಗಿ ಹಾಕಿದ್ದ, ಪಂಚಾಯಿತಿಗೆ ಬಂದವನಂತೆ. ಯಶವಂತ ತನ್ನ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತಿದ್ದ, ಹೆಜ್ಜೆ ಸಪ್ಪಳವೂ ಕೇಳಬಾರದೆಂದು. ಕೆಂಬಾಳೆ ನೋಡಿದ್ದೇ ಎಲ್ಲರ ಬಾಯಿಂದ ಒಂದೇ "ಅಬಬಬಾ!"

ಐದು ಗುಂಪಿಗಳಾದವು. ಭೀಮಬಾಯಿ ಬೆನ್ನು ತಿರುಗಿಸಿ ಕುಳಿತಳು. ನಾನು ಏನಾದರೂ ಸನ್ನೆ ಮಾಡಿಯೇನೆಂದು ಯಶವಂತ ನನ್ನನ್ನು ದೂರ, ವಠಾರದ ಬಾಗಿಲ ಹತ್ತಿರ ನಿಲ್ಲಿಸಿದ. ಆಮೇಲೆ ತ್ರಿವೇಣಿ ಅಕ್ಕನ ಕೈಯಿಂದ ಗುಂಪಿಗಳ ಜಾಗ ಅದಲುಬದಲು ಮಾಡಿಸಿದ. ಕೆಂಬಾಳೆ ನಟ್ಟನಡುವೆ ಬಂತು.

ಅವನು ಎಡತುದಿಗೆ ಬೆರಳಿಟ್ಟ. "ಇದು ಯಾರಿಗಿ?"

"ದತ್ತಪ್ಪಗ."

ಕಾಕಾನ ಮುಖ ಇಳಿಯಿತು. ಯಶವಂತ ಬಲತುದಿಗೆ ನಡೆದ. "ಇದು?"

"ಸಾಯಿಕುಮಾರಗ."

ನನ್ನದೂ ಮುಗಿಯಿತು. ಹಾಗಲಕಾಯಿ ಅಲ್ಲಿಂದಲೇ ಕಾಣುತ್ತಿತ್ತು. ಉಳಿದದ್ದು ಮೂರು ಗುಂಪಿ, ಮೂರು ಹೆಸರು. ಯಶವಂತ ನಡುವಿನದಕ್ಕೆ ಬಂದ. ಬೆರಳು ಕೆಂಬಾಳೆಯ ಮೇಲೆ.

"ಇದು ಯಾರಿಗಿ?"

ಭೀಮಬಾಯಿ ಗೋಡೆಯ ಮೇಲೆ ಬೆರಳಿಂದ ಒಂದು ಗೀಟು ಎಳೆದಳು. ಆಮೇಲೆ "ಭೀಮಬಾಯಿಗಿ" ಎಂದಳು.

"ನೋಡಿದ್ರ್ಯಾ! ನೋಡಿದ್ರ್ಯಾ!" ಯಶವಂತ ಹಾರಿದ. "ಸಪ್ಪಳ ಇಲ್ಲ, ಏನಿಲ್ಲ, ಬರೋಬ್ಬರಿ ತನಗೇ ಬಿತ್ತು! ವಾಸನಿ! ಬಾಳೆಹಣ್ಣಿನ ವಾಸನಿ ಹಿಡಿದಾಳ!"

"ಇಲ್ಲಿಂದ ಅಲ್ಲೀತನಕ ಏನ್ ವಾಸನಿ ಹೋಗ್ತದ್ರಿ?" ಎಂದಳು ತ್ರಿವೇಣಿ ಅಕ್ಕ.

"ನಿಮಗ ಬರಂಗಿಲ್ಲ ಅಕ್ಕೋರ. ಅವರದು ಹುಟ್ಟಿದ ಊರಿನ ಹಣ್ಣು!"

ಭೀಮಬಾಯಿ ತಿರುಗಿ ಗುಂಪಿಗಳ ಕಡೆ ನೋಡಿದಳು. ಹಣಿಗೆ ತನ್ನ ಗುಂಪಿಯ ಮೇಲಿರುವುದು ಕಂಡು ಅವಳ ಕಣ್ಣು ಒಂದು ಸಲ ಅರಳಿತು. ಆಮೇಲೆ ಯಶವಂತನ ಮಾತು ಅರ್ಥವಾಯಿತು. ಎದ್ದಳು. ಗುಂಪಿ ಮುಟ್ಟಲಿಲ್ಲ. ಸೆರಗನ್ನು ಗಟ್ಟಿಯಾಗಿ ಹಿಡಿದುಕೊಂಡು ಖೋಲಿಯ ಕಡೆ ನಡೆದಳು.

ನನ್ನ ಬಾಯಿಗೆ ಯಾವಾಗಲೂ ಬೀಗವಿಲ್ಲ. ಅವತ್ತಂತೂ ಚಿಲಕವೂ ಇರಲಿಲ್ಲ.

"ಯಶವಂತ, ನೀ ಹೇಳಿದ್ದು ಖರೇ ಅದ! ಹೋದ ವಾರದ ತನಕ ಆಯಿಗಿ ಗೊತ್ತಾಗ್ತಿತ್ತು!"

ಭೀಮಬಾಯಿ ಹೊಸ್ತಿಲ ಮೇಲೆ ನಿಂತುಬಿಟ್ಟಳು. "ಏ ಮೂಳಾ, ಬಾಯಿ ಮುಚ್ಚು!"

ಮುಚ್ಚಲಿಲ್ಲ. ಉಗುಳಿನ ಕಥೆ, ಗಟಕ್ ಎಂಬ ಸಪ್ಪಳ, ಬಸ್ಸಿನಲ್ಲಿ ಕೇಳಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ. "ಗೊತ್ತಿದ್ದಾಗ ಒಮ್ಮಿಯರೆ ತಾ ತಗೊಂಡಾಳೇನು, ನೀನೇ ಹೇಳು. ಒಮ್ಮಿ? ಅಷ್ಟು ವಾರ ಕೈಯಾಗಿತ್ತು, ತಗೊಳ್ಳಿಲ್ಲ. ಇವತ್ತು ಗೊತ್ತಿರಲಾರದಕ್ಕೇ ಆಕಿಗಿ ಬಂದದ!"

ತ್ರಿವೇಣಿ ಅಕ್ಕ ಕೈಯಲ್ಲಿದ್ದ ಮೆಂತಿ ಕಟ್ಟನ್ನು ಕೆಳಗಿಟ್ಟಳು. "ಪಪ್ಪಾಯಿ... ಆ ವಾರ ನಾ ನಿಂತಲ್ಲೇ ತೂಕಡಿಸ್ತಿದ್ದೆ" ಎಂದು ಮೆಲ್ಲಗೆ ಅಂದಳು.

ಸಿಟ್ಟು ಬಂದದ್ದು ದತ್ತಪ್ಪ ಕಾಕಾನಿಗೆ. "ಅಂದ್ರ ಅದು ನನ್ನ ನಸೀಬ ಅಲ್ಲೇನು? ಶನಿ ಬಿಟ್ಟದಂತ ಇಡೀ ಗೋದಾಮಿಗಿ ಹೇಳೀನಲ್ಲೋ! ಮೊನ್ನಿ ಹೊಸಾ ಅಂಗಿ ಬ್ಯಾರೆ ತಗೊಂಡೆ!"

ಮೊದಲು ನಕ್ಕದ್ದು ತ್ರಿವೇಣಿ ಅಕ್ಕ. ಯಶವಂತ ನಗಲಿಲ್ಲ. ಅವನ ತುಟಿ ಅಲ್ಲಾಡುತ್ತಿತ್ತು, ಬಂದ ವಾರಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಳ್ಳುತ್ತಿದ್ದ. ಮೊಬೈಲನ್ನು ಕಿಸೆಗೆ ಇಳಿಸಿದ. ಆಮೇಲೆ ಬ್ಯಾಂಕಿನವನ ದನಿಯೆಲ್ಲ ಹೋಗಿ, ಶಾಲೆಯ ಹುಡುಗನ ದನಿ ಬಂತು.

"ಹಂಗಾರ ನನಗ್ಯಾಕ ಒಮ್ಮಿನೂ ಕೊಡ್ಲಿಲ್ಲ, ಆಯಿ?"

ಭೀಮಬಾಯಿ ಹೊಸ್ತಿಲಿಂದ ಇಳಿದು ಬಂದಳು. "ನೀ ಯಾವತ್ತರೆ ಏನರೆ ಹೇಳೀಯೇನಪಾ? ಬರ್ತಿ, ತೂಗ್ತಿ, ಹೋಗ್ತಿ. ಹೊಟ್ಟಿ ನೋಯ್ತೋ, ತಲಿ ನೋಯ್ತೋ, ನನಗ ಹೆಂಗ ತಿಳಿಬೇಕು? ನಿನಗ ಉಗುಳಿನ ಸಪ್ಪಳನೂ ಇಲ್ಲ."

ಅವನು ಚಪ್ಪಲಿ ಹುಡುಕುವ ನೆವದಲ್ಲಿ ತಲೆ ತಗ್ಗಿಸಿದ. "ಹೇಳೋದೇನದ ಆಯಿ. ಬ್ಯಾಂಕಿನಾಗ 'ಮುಂದಿನವರು ಬರ್ರಿ' ಅಂತೀನಿ. ಖೋಲಿಗಿ ಬಂದು ಅನ್ನ-ಮೊಸರು. ಐತವಾರ ಇಲ್ಲಿ ಬಂದ್ರಷ್ಟೇ ನನ್ನ ಕೂಡ ಯಾರರೆ ಜಗಳಾಡ್ತಾರ."

"ಅದಕ್ಕ ನೀನೇ ಜಗಳ ತಗದಿ ಏನು?"

"ಗೊತ್ತಿಲ್ರಿ. ಇರಬಹುದು."

ಕಡೆಗೆ ದತ್ತಪ್ಪ ಕಾಕಾ, ಅಂಗಿಯ ದುಃಖದಿಂದ ಹೊರಬಂದು, ಪಂಚನ ಗತ್ತಿನಲ್ಲಿ ಕೇಳಿದ: "ಈಗ ಮುಂದಿನ ವಾರ ಬೆನ್ನು ಯಾರು ತಿರಗಸ್ತಾರ? ಮೊಬೈಲೋ, ಭೀಮಬಾಯಿಯೋ?"

ಎಲ್ಲರೂ ಯಶವಂತನ ಕಡೆ ನೋಡಿದೆವು.

"ಆಯಿನೇ" ಎಂದ. "ಗೊತ್ತಾದ್ರೂ ಆಗಲಿ."

ಭೀಮಬಾಯಿ ಸೆರಗಿನ ಹಿಡಿತ ಸಡಿಲಿಸಿದಳು. ಅದೇ ಸೆರಗಿನ ತುದಿಯಿಂದ ಕುತ್ತಿಗೆಯ ಬೆವರು ಒರೆಸಿಕೊಂಡು, ತನ್ನ ಗುಂಪಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಹಣಿಗೆಯಿಂದ ಒಂದು ಹಣ್ಣು ಮುರಿದಳು. ಈಗ ಹಂಚುತ್ತಾಳೆ ಎಂದು ನಾನು ಹತ್ತಿರ ಸರಿದೆ, ತ್ರಿವೇಣಿ ಅಕ್ಕನೂ ಸರಿದಳು, ಕಾಕಾ ಅಂಗೈ ಒರೆಸಿಕೊಂಡ.

"ಏನ್ರಿ ಎಲ್ಲಾರೂ ಒಟ್ಟಿಗೇ? ದೂರ ಸರೀರಿ. ಇದು ಖರೇ ನಸೀಬದ್ದು. ಯಾರಿಗೂ ಕೊಡಂಗಿಲ್ಲ."

ಕೆಂಪು ಸಿಪ್ಪೆ ಸುಲಿದು, ನಮ್ಮ ನಾಲ್ಕು ಮುಖಗಳನ್ನು ನೋಡುತ್ತ, ಕಣ್ಣು ಮುಚ್ಚಿ ಒಂದು ತುತ್ತು ತಿಂದಳು. ಅಷ್ಟು ಸಾವಕಾಶ ಒಬ್ಬ ಮನುಷ್ಯ ಬಾಳೆಹಣ್ಣು ತಿನ್ನುವುದನ್ನು ನಾನು ಕಂಡಿರಲಿಲ್ಲ. ಹಣಿಗೆಯ ಉಳಿದ ಹಣ್ಣುಗಳನ್ನು ಇನ್ನೊಂದು ಕೈಯಲ್ಲಿ ತನ್ನ ಕಡೆಗೆ ಎಳೆದುಕೊಂಡಿದ್ದಳು.

ಯಶವಂತ ಅವಳೆದುರು ಕುಕ್ಕರುಗಾಲಲ್ಲಿ ಕುಳಿತ. "ಆಯಿ, ಮುಂದಿನ ಐತವಾರ ಕಮಲಾಪುರಕ್ಕ ನಾನೂ ಬರ್ಲ್ಯಾ? ಚೀಲ ಹಿಡೀತೀನಿ."

"ಬಾ" ಎಂದಳು, ಬಾಯಲ್ಲಿ ಹಣ್ಣಿಟ್ಟುಕೊಂಡೇ. "ತಕ್ಕಡಿ ಮನ್ಯಾಗಿಟ್ಟು ಬಾ. ಮತ್ತ ಟಿಕೆಟ್ ನಿಂದು ನೀ ತಗಸಬೇಕು, ಈಗೇ ಹೇಳ್ತೀನಿ. ಹೋಗೂ ಬರೂ ಎಷ್ಟಾಗ್ತದಂತ ಸಾಯಿಗಿ ಕೇಳು, ಅಂವ ಅಳ್ಕೋತ ಹೇಳ್ತಾನ."